ಬೆಳ್ಳಗಿರುವುದೆಲ್ಲ ಹಾಲಲ್ಲ: ಮನಸ್ಸಿನ ತೊಂದರೆಗಳಿಗೆ ಅರಿವು-ವರ್ತನೆ ಚಿಕಿತ್ಸೆ



ಕೊಟ್ಟಿಗೆಯಲ್ಲಿ ಹಸು ಒಂದು ಹೊತ್ತು ಮೇವು ಬಿಟ್ಟರೆ ನಾವು ಸುಮ್ಮನಿರುವುದಿಲ್ಲ. ಕಿವಿ ಮುಟ್ಟಿ ನೋಡುತ್ತೇವೆ, ಮೂತಿ ಒಣಗಿದೆಯೇ, ಮೆಲುಕು ಹಾಕುತ್ತಿದೆಯೇ ಎಂದು ಗಮನಿಸುತ್ತೇವೆ. ಸಂಜೆಯೊಳಗೆ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಅದೇ ಮನೆಯ ಯಜಮಾನ ಹದಿನೈದು ದಿನದಿಂದ ಸರಿಯಾಗಿ ಉಣ್ಣದೆ, ರಾತ್ರಿ ಮೂರು ಗಂಟೆಗೇ ಎಚ್ಚರಗೊಂಡು ಸೂರು ನೋಡುತ್ತ ಮಲಗಿದ್ದರೆ, "ಏನೋ ಯೋಚನೆ ಹಚ್ಚಿಕೊಂಡಿದ್ದಾನೆ, ಸರಿಹೋಗುತ್ತಾನೆ" ಎಂದು ಬಿಟ್ಟುಬಿಡುತ್ತೇವೆ. ಮನೆಯೊಡತಿ ಕಾರಣವಿಲ್ಲದೆ ಅಳುತ್ತಿದ್ದರೆ ದೃಷ್ಟಿ ತೆಗೆಸುತ್ತೇವೆ.

ಕೆಚ್ಚಲು ಬಾವಿನಲ್ಲಿ ಎರಡು ಬಗೆಯುಂಟೆಂದು ತಾವೆಲ್ಲ ಬಲ್ಲಿರಿ. ಒಂದು ಕಣ್ಣಿಗೆ ಕಾಣುವಂಥದು: ಕೆಚ್ಚಲು ಊದಿ, ಹಾಲು ಒಡೆದು ಬರುತ್ತದೆ. ಇನ್ನೊಂದು ಒಳಗೇ ಇರುವಂಥದು. ಕೆಚ್ಚಲು ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲು ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ, ಪರೀಕ್ಷೆ ಮಾಡಿದಾಗಲೇ ಗೊತ್ತಾಗುವುದು. ಮನಸ್ಸಿನ ಕಾಯಿಲೆಗಳಲ್ಲಿಯೂ ಹೆಚ್ಚಿನವು ಈ ಎರಡನೆಯ ಬಗೆಯವು. ಇವುಗಳಿಗೆ ಚಿಕಿತ್ಸೆಯಿದೆ. ಅದರಲ್ಲಿ ಮಾತ್ರೆಯಿಲ್ಲದೆ, ಮಾತು ಮತ್ತು ಅಭ್ಯಾಸದ ಮೂಲಕವೇ ಮಾಡುವ ಒಂದು ಚಿಕಿತ್ಸೆಯ ಬಗ್ಗೆ ಸದಸ್ಯರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ತಾಲ್ಲೂಕುಗಳಲ್ಲಿ ಇದು ಏಕೆ ಮುಖ್ಯ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೈನುಗಾರಿಕೆಯ ಜೊತೆಗೆ ಹೊಗೆಸೊಪ್ಪಿನ ಬೇಸಾಯ ಮಾಡುವ ಕುಟುಂಬಗಳು ಬಹಳ. ಮಳೆ ಹೆಚ್ಚಾದರೆ ಎಲೆ ಕೆಡುತ್ತದೆ, ಕಡಿಮೆಯಾದರೆ ಬೆಳೆಯುವುದಿಲ್ಲ. ಬ್ಯಾರನ್ ಉರಿಸಲು ಸೌದೆಗೆ ಸಾಲ, ಕೂಲಿಗೆ ಸಾಲ. ಕೊನೆಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲಿನ ಮೇಲೆ ಬೀಳುವ ದರ ಎಷ್ಟೋ ಅದೇ ಆ ವರ್ಷದ ಹಣೆಬರಹ. ಕೃಷ್ಣರಾಜನಗರದ ನಾಲೆ ಬಯಲಿನವರಿಗೆ ನೀರಿನ ಮತ್ತು ಭತ್ತದ ಬೆಲೆಯ ಚಿಂತೆ. ಕೋಟೆ ಸೀಮೆಯ ಕಾಡಂಚಿನವರಿಗೆ ರಾತ್ರಿ ಕೊಟ್ಟಿಗೆಗೆ ಚಿರತೆ, ಹುಲಿ ಬಂದೀತೆಂಬ ಭಯ. ಇವುಗಳ ನಡುವೆ ದಿನಕ್ಕೆ ಎರಡು ಹೊತ್ತು ನಾಲ್ಕು ಕಾಸು ಕಾಣಿಸುವುದು ಹಾಲಿನಿಂದ. ಆ ಹಸುವಿಗೇ ಕಾಯಿಲೆ ಬಂದರೆ ಮನಸ್ಸು ಕುಸಿಯುವುದು ಸಹಜ. 2013ರ ಕಾಲುಬಾಯಿ ಜ್ವರ, 2022ರ ಚರ್ಮಗಂಟು ರೋಗ ಎಷ್ಟೋ ಕೊಟ್ಟಿಗೆಗಳನ್ನು ಬರಿದು ಮಾಡಿದ್ದನ್ನು ರಾಜ್ಯದ ಹೈನುಗಾರರು ಮರೆತಿಲ್ಲ.

ಇಂಥ ಒತ್ತಡ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2015ನೇ ವರ್ಷ ಸಾಕ್ಷಿ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ ಆ ಒಂದೇ ವರ್ಷದಲ್ಲಿ ಕರ್ನಾಟಕದ 1,197 ರೈತರು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ನಮ್ಮ ಮೈಸೂರು ಜಿಲ್ಲೆಯವರೂ ಇದ್ದರು. ಎಲ್ಲ ಸಾವಿಗೂ ಮನಸ್ಸಿನ ಕಾಯಿಲೆಯೊಂದೇ ಕಾರಣವೆಂದು ಹೇಳುವುದು ತಪ್ಪಾಗುತ್ತದೆ. ಬೆಲೆ, ಮಳೆ, ಬಡ್ಡಿ ಎಲ್ಲವೂ ಸೇರಿ ಆದದ್ದು ಅದು. ಆದರೆ ಒಂದೇ ಊರಿನ, ಒಂದೇ ಅಳತೆಯ ಸಾಲವುಳ್ಳ ಇಬ್ಬರಲ್ಲಿ ಒಬ್ಬರು ಕಷ್ಟದಿಂದ ದಾಟಿಬಂದು ಇನ್ನೊಬ್ಬರು ಮುಳುಗುವುದನ್ನೂ ನೋಡಿದ್ದೇವೆ. ಮುಳುಗುತ್ತಿರುವವರ ಕೈ ಹಿಡಿಯಲು ಸಾಧ್ಯವಿದೆಯೆಂಬುದೇ ಇಲ್ಲಿ ಹೇಳಬೇಕಾದ ಮಾತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಅವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ.

ಸಾಮಾನ್ಯ ತೊಂದರೆಗಳು ಮತ್ತು ಅವುಗಳ ಲಕ್ಷಣ

ಮನಸ್ಸಿನ ಕಾಯಿಲೆ ಎಂದೊಡನೆ ಬೀದಿಯಲ್ಲಿ ತಾನೇ ಮಾತಾಡಿಕೊಂಡು ಹೋಗುವವರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಹೆಚ್ಚು ಜನರನ್ನು ಕಾಡುವುದು ಖಿನ್ನತೆ ಮತ್ತು ಆತಂಕ.

ಖಿನ್ನತೆಯಲ್ಲಿ ಸದಾ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಸುಸ್ತು, ನಿದ್ರೆ ಕೆಡುವುದು, ಹಸಿವಾಗದಿರುವುದು, "ನಾನು ಯಾತಕ್ಕೂ ಬಾರದವನು" ಎಂಬ ಭಾವನೆ ಕಂಡುಬರುತ್ತವೆ. ಆತಂಕದಲ್ಲಿ ಎದೆ ಬಡಿತ, ಕೈ ನಡುಕ, ಹೊಟ್ಟೆಯಲ್ಲಿ ಸಂಕಟ, ಏನೋ ಕೆಟ್ಟದ್ದಾಗಿಬಿಡುತ್ತದೆಂಬ ನಿಲ್ಲದ ಭಯ ಇರುತ್ತವೆ. ಹಳ್ಳಿಗಳಲ್ಲಿ ಎಷ್ಟೋ ಜನ "ಬೇಸರ" ಎನ್ನುವುದಿಲ್ಲ. "ತಲೆಭಾರ, ಮೈಕೈ ನೋವು, ಎದೆ ಉರಿ" ಎಂದು ವರ್ಷಗಟ್ಟಲೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿರುತ್ತಾರೆ. ಇಂಥ ಲಕ್ಷಣಗಳು ಎರಡು ವಾರಕ್ಕೂ ಮೀರಿ ದಿನನಿತ್ಯ ಇದ್ದು, ಕೆಲಸಕಾರ್ಯಗಳಿಗೆ ಅಡ್ಡಿಯಾಗುತ್ತಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಸಕ್ಕರೆ ಕಾಯಿಲೆಗಳಿಂದಲೂ ಸುಸ್ತು, ಬೇಸರ ಬರಬಹುದಾದ್ದರಿಂದ ಮೊದಲು ಅವುಗಳ ಪರೀಕ್ಷೆ ಅಗತ್ಯ.

ಅರಿವು-ವರ್ತನೆ ಚಿಕಿತ್ಸೆ ಎಂದರೇನು?

ಇದನ್ನು ವೈದ್ಯರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಥವಾ ಚಿಕ್ಕದಾಗಿ ಸಿ.ಬಿ.ಟಿ. ಎನ್ನುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಮನೋವೈದ್ಯ ಡಾ. ಆರನ್ ಬೆಕ್ ಅವರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಕೇಳುತ್ತ ಒಂದು ಸಂಗತಿಯನ್ನು ಗಮನಿಸಿದರು. ರೋಗಿಗಳ ಮನಸ್ಸಿನಲ್ಲಿ ಕ್ಷಣಮಾತ್ರದಲ್ಲಿ, ತಾನಾಗಿಯೇ ಕೆಲವು ಆಲೋಚನೆಗಳು ಹಾದುಹೋಗುತ್ತಿದ್ದವು: "ನಾನು ಸೋತವನು", "ಯಾರಿಗೂ ನಾನು ಬೇಡ", "ಮುಂದೆ ಏನೂ ಒಳ್ಳೆಯದಾಗುವುದಿಲ್ಲ". ರೋಗಿಗಳು ಅವುಗಳನ್ನು ನಿಜವೋ ಸುಳ್ಳೋ ಎಂದು ನೋಡದೆ ಹಾಗೆಯೇ ನಂಬುತ್ತಿದ್ದರು. ಆ ಆಲೋಚನೆಗಳನ್ನು ಹಿಡಿದು ಪರೀಕ್ಷಿಸುವುದನ್ನು ಕಲಿಸಿದಾಗ ಅನೇಕರು ಚೇತರಿಸಿಕೊಂಡರು. 2021ರಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ಡಾ. ಬೆಕ್ ತೀರಿಕೊಳ್ಳುವ ಹೊತ್ತಿಗೆ ಈ ವಿಧಾನ ಪ್ರಪಂಚದಾದ್ಯಂತ ಬಳಕೆಗೆ ಬಂದಿತ್ತು.

ಇದರ ತಿರುಳು ಇಷ್ಟು: ಆಲೋಚನೆ, ಭಾವನೆ, ದೇಹ, ವರ್ತನೆ ಈ ನಾಲ್ಕೂ ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ. ಒಂದು ಕೆಟ್ಟರೆ ಉಳಿದವನ್ನೂ ಎಳೆಯುತ್ತದೆ. ಹಾಗೆಯೇ ಒಂದನ್ನು ಸರಿಪಡಿಸಿದರೆ ಉಳಿದವೂ ನಿಧಾನವಾಗಿ ದಾರಿಗೆ ಬರುತ್ತವೆ. ಬೇಸರಪಡಬೇಡ ಎಂದು ಭಾವನೆಗೆ ನೇರವಾಗಿ ಅಪ್ಪಣೆ ಮಾಡಲು ಬರುವುದಿಲ್ಲ. ಆದರೆ ಆಲೋಚನೆಯನ್ನು ಪರೀಕ್ಷಿಸಬಹುದು, ವರ್ತನೆಯನ್ನು ಬದಲಿಸಬಹುದು.

ಒಂದು ಉದಾಹರಣೆ

ಇದು ಯಾರೊಬ್ಬರ ಕತೆಯೂ ಅಲ್ಲ, ವಿಷಯ ತಿಳಿಸಲೆಂದು ಕಟ್ಟಿದ್ದು. ಹುಣಸೂರು ಕಡೆಯ ಒಬ್ಬ ಸದಸ್ಯರಿಗೆ ಮೂರು ಮಿಶ್ರತಳಿ ಹಸುಗಳಿವೆ, ಎರಡು ಎಕರೆ ಹೊಗೆಸೊಪ್ಪು ಇದೆ. ಆ ವರ್ಷ ಸೊಪ್ಪಿಗೆ ದರ ಸಿಗಲಿಲ್ಲ. ಚೆನ್ನಾಗಿ ಕರೆಯುತ್ತಿದ್ದ ಹಸುವಿಗೆ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ಕಟ್ಟಲಿಲ್ಲ. ಅವರ ಮನಸ್ಸಿನಲ್ಲಿ ಒಂದು ಮಾತು ನಾಟಿತು: "ನನ್ನ ಕೈಗೆ ಯಾವುದೂ ಹತ್ತುವುದಿಲ್ಲ."

ಈ ಆಲೋಚನೆಯಿಂದ ಭಾವನೆ ಕುಸಿಯಿತು. ದೇಹಕ್ಕೆ ಸುಸ್ತು ಬಂತು, ನಿದ್ರೆ ಹೋಯಿತು. ಡೇರಿಗೆ ಹಾಲು ಹಾಕಲು ತಾವು ಹೋಗುವುದನ್ನು ಬಿಟ್ಟು ಮಗನನ್ನು ಕಳುಹಿಸತೊಡಗಿದರು. ಅಲ್ಲಿ ನಾಲ್ಕು ಜನರ ಮುಖ ನೋಡುವುದು ತಪ್ಪಿತು. ಜನ ಮಾತಾಡಿಸುವುದು ನಿಂತಾಗ "ನೋಡು, ಯಾರಿಗೂ ನಾನು ಬೇಡವಾದೆ" ಎಂಬ ಎರಡನೆಯ ಆಲೋಚನೆ ಸೇರಿತು. ರಾತ್ರಿ ನಿದ್ರೆಗೆಂದು ಸ್ವಲ್ಪ ಕುಡಿತ ಶುರುವಾಯಿತು, ಬೆಳಿಗ್ಗೆ ಬೇಸರ ಇಮ್ಮಡಿಯಾಯಿತು. ಹಸುವಿನ ಬೆದೆ ಗಮನಿಸುವುದು ತಪ್ಪಿತು, ಮತ್ತೊಂದು ಬೆದೆ ಕೈತಪ್ಪಿತು. ಮೊದಲಿನ ಆಲೋಚನೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ಹಿರಿಯರು ಹೇಳಿದ್ದು ಈ ಸುತ್ತನ್ನು ಕಂಡೇ ಇರಬೇಕು.

ಮೊದಲನೆಯ ಕೆಲಸ: ಆಲೋಚನೆಯನ್ನು ಪರೀಕ್ಷೆಗೆ ಹಾಕುವುದು

ಡೇರಿಯಲ್ಲಿ ಹಾಲನ್ನು ಬಣ್ಣ ನೋಡಿ ತೆಗೆದುಕೊಳ್ಳುವುದಿಲ್ಲ. ವಾಸನೆ ನೋಡಿ, ಲ್ಯಾಕ್ಟೋಮೀಟರ್ ಬಿಟ್ಟು, ಫ್ಯಾಟ್ ಮತ್ತು ಎಸ್.ಎನ್.ಎಫ್. ಪರೀಕ್ಷಿಸಿದ ಮೇಲೆಯೇ ಪುಸ್ತಕದಲ್ಲಿ ಬರೆಯುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾವು ಗಾದೆಯನ್ನೇ ಮಾಡಿಕೊಂಡಿದ್ದೇವೆ. ಆದರೆ ಮನಸ್ಸು ಹೇಳಿದ್ದನ್ನು ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಒಪ್ಪಿಕೊಳ್ಳುತ್ತೇವೆ. ಈ ಚಿಕಿತ್ಸೆಯಲ್ಲಿ ಚಿಕಿತ್ಸಕರು ಒಂದು ನೋಟ್ ಪುಸ್ತಕದಲ್ಲಿ ಆಲೋಚನೆಯನ್ನು ಬರೆಸಿ ನಾಲ್ಕು ಪ್ರಶ್ನೆ ಕೇಳಲು ಕಲಿಸುತ್ತಾರೆ.

1. ಈ ಆಲೋಚನೆ ನಿಜ ಎನ್ನಲು ಏನು ಸಾಕ್ಷಿ ಇದೆ? ನಮ್ಮ ಉದಾಹರಣೆಯಲ್ಲಿ: ಸೊಪ್ಪಿಗೆ ದರ ಬಂದಿಲ್ಲ, ಒಂದು ಹಸು ಗಬ್ಬ ಕಟ್ಟಿಲ್ಲ, ಸಾಲವಿದೆ. ಇವು ನಿಜ.

2. ಇದಕ್ಕೆ ವಿರುದ್ಧವಾದ ಸಾಕ್ಷಿ ಏನಿದೆ? ಉಳಿದೆರಡು ಹಸುಗಳು ಹಾಲು ಕೊಡುತ್ತಿವೆ, ಪಾಸ್ ಪುಸ್ತಕದಲ್ಲಿ ಬಟವಾಡೆಯ ಲೆಕ್ಕ ಇದೆ. ಹಿಂದೆ ರೋಗದಿಂದ ಒಂದು ಹಸು ಸತ್ತಾಗಲೂ ಎರಡು ವರ್ಷದಲ್ಲಿ ಕೊಟ್ಟಿಗೆ ಮತ್ತೆ ತುಂಬಿಸಿದ್ದರು. ಇವೂ ನಿಜ, ಆದರೆ ಖಿನ್ನತೆ ಇವನ್ನು ಮರೆಮಾಡಿತ್ತು.

3. ಬೇರೆ ವಿವರಣೆ ಇದೆಯೇ? ಹಸು ಗಬ್ಬ ಕಟ್ಟದಿರಲು ಯಜಮಾನನ ಹಣೆಬರಹ ಕಾರಣವಲ್ಲ. ಬೆದೆಗೆ ಬಂದ ಸರಿಯಾದ ಹೊತ್ತಿಗೆ ಗರ್ಭಧಾರಣೆ ಆಗದಿರುವುದು, ಖನಿಜಾಂಶದ ಕೊರತೆ, ಗರ್ಭಕೋಶದ ಸೋಂಕು ಇವುಗಳಲ್ಲೊಂದು ಇರಬಹುದು. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

4. ಇದೇ ಮಾತನ್ನು ಪಕ್ಕದ ಮನೆಯವರು ಹೇಳಿದ್ದರೆ ನೀವು ಏನೆನ್ನುತ್ತಿದ್ದಿರಿ? ನಾವು ನೆರೆಯವರಿಗೆ ಹೇಳುವ ಸಮಾಧಾನವನ್ನು ನಮಗೆ ನಾವೇ ಹೇಳಿಕೊಳ್ಳುವುದಿಲ್ಲ.

ಈ ನಾಲ್ಕೂ ಉತ್ತರಗಳನ್ನು ಸೇರಿಸಿ ಒಂದು ಸರಿಯಾದ ವಾಕ್ಯ ಬರೆಯಬೇಕು: "ಈ ವರ್ಷ ನಷ್ಟವಾಗಿದೆ, ಸಾಲವಿದೆ. ಒಂದು ಹಸುವಿಗೆ ತೊಂದರೆಯಿದೆ, ಡಾಕ್ಟರಿಗೆ ತೋರಿಸಬೇಕು. ಎರಡು ಹಸು ಕರೆಯುತ್ತಿವೆ. ಹಿಂದೆಯೂ ಬಿದ್ದು ಎದ್ದಿದ್ದೇನೆ." ಇದರಲ್ಲಿ "ಎಲ್ಲ ಒಳ್ಳೆಯದಾಗುತ್ತದೆ" ಎಂಬ ಸುಳ್ಳು ಧೈರ್ಯವಿಲ್ಲ. ಹಾಲಿಗೆ ನೀರು ಬೆರೆಸಬಾರದು, ನಷ್ಟಕ್ಕೆ ಸಕ್ಕರೆಯನ್ನೂ ಬೆರೆಸಬಾರದು. ಇದ್ದದ್ದನ್ನು ಇದ್ದಷ್ಟೇ ನೋಡುವುದು ಇದರ ಗುರಿ.

ಎರಡನೆಯ ಕೆಲಸ: ಮನಸ್ಸಿಗಾಗಿ ಕಾಯದೆ ಕೈ ಹಚ್ಚುವುದು

ಖಿನ್ನತೆಯಲ್ಲಿರುವವರು "ಮನಸ್ಸು ಬಂದಾಗ ಮಾಡುತ್ತೇನೆ" ಎನ್ನುತ್ತಾರೆ. ಆದರೆ ಮನಸ್ಸು ಬರುವುದಿಲ್ಲ. ಹಾಲು ಕರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಚ್ಚಲು ತೊಳೆದು, ಒರೆಸಿ, ಮೊಲೆ ಸವರಿದ ಮೇಲೆ ಹಸು ಹಾಲು ಇಳಿಸುತ್ತದೆ. ಹಾಲು ಇಳಿದ ಮೇಲೆ ತೊಳೆಯೋಣವೆಂದು ಕಾದು ಕುಳಿತರೆ ಹಾಲು ಇಳಿಯುವುದೇ ಇಲ್ಲ. ಮನಸ್ಸೂ ಹಾಗೆಯೇ, ಕೆಲಸ ಮೊದಲು, ಹುರುಪು ಆಮೇಲೆ.

ಆದ್ದರಿಂದ ಚಿಕಿತ್ಸಕರು ವಾರದ ಪಟ್ಟಿ ಹಾಕಿಸುತ್ತಾರೆ. ಮೊದಲ ವಾರ ಬಹಳ ಚಿಕ್ಕ ಕೆಲಸಗಳು: ಬೆಳಿಗ್ಗೆ ಒಂದು ಹೊತ್ತು ತಾವೇ ಕ್ಯಾನ್ ಹಿಡಿದು ಡೇರಿಗೆ ಹೋಗುವುದು, ಹಾಲು ಹಾಕಿ ಹತ್ತು ನಿಮಿಷ ಅಲ್ಲಿಯೇ ನಿಲ್ಲುವುದು, ಸಂಜೆ ಹಸುವಿನ ಮೈ ತೊಳೆಯುವುದು, ಹೊತ್ತಿಗೆ ಸರಿಯಾಗಿ ಊಟ. ಎರಡನೆಯ ವಾರ ಹಿಂದೆ ಸಂತೋಷ ಕೊಡುತ್ತಿದ್ದ ಒಂದು ಕೆಲಸ: ಭಜನೆಗೆ ಹೋಗುವುದೋ, ಸಂತೆಗೆ ಹೋಗುವುದೋ, ಅಕ್ಕನ ಮನೆಗೆ ಹೋಗಿ ಬರುವುದೋ. ಪ್ರತಿ ಕೆಲಸದ ಮುಂದೆ ಮಾಡಿದ ಮೇಲೆ ಮನಸ್ಸಿಗೆ ಎಷ್ಟು ಹಗುರವಾಯಿತೆಂದು ಹತ್ತಕ್ಕೆ ಇಷ್ಟು ಎಂದು ಗುರುತು ಹಾಕಬೇಕು. ಮೊದಲ ದಿನ ಒಂದೋ ಎರಡೋ ಬರುತ್ತದೆ. ವಾರಗಳು ಕಳೆದಂತೆ ಅಂಕಿ ಏರುವುದನ್ನು ತಮ್ಮ ಕಣ್ಣಿನಿಂದಲೇ ನೋಡುತ್ತಾರೆ.

ಮೂರನೆಯ ಕೆಲಸ: ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು

ಆತಂಕಕ್ಕೆ ಬೇರೆ ಅಭ್ಯಾಸ. ಪಿರಿಯಾಪಟ್ಟಣದ ಕಡೆಯ ಒಬ್ಬ ಮಹಿಳೆಗೆ ಬಸ್ಸಿನಲ್ಲಿ ಒಮ್ಮೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು, ಉಸಿರು ಕಟ್ಟಿ, ಸತ್ತೇಹೋಗುತ್ತೇನೆ ಎನಿಸಿತೆಂದಿಟ್ಟುಕೊಳ್ಳಿ. ಮೊದಲ ಸಲ ಹೀಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಹೃದಯದ ಪರೀಕ್ಷೆ ಮಾಡಿಸಲೇಬೇಕು. ಹೃದಯ ಸರಿಯಿದೆಯೆಂದು ವೈದ್ಯರು ಹೇಳಿದ ಮೇಲೂ ಆಕೆ ಬಸ್ಸು ಹತ್ತುವುದನ್ನೇ ಬಿಟ್ಟರೆ ಭಯ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ತಪ್ಪಿಸಿಕೊಂಡಷ್ಟೂ "ಹೋಗಿದ್ದರೆ ಸಾಯುತ್ತಿದ್ದೆ" ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಚಿಕಿತ್ಸೆಯಲ್ಲಿ ಮೊದಲು ಬಸ್ ನಿಲ್ದಾಣದಲ್ಲಿ ಕೂರುವುದು, ಆಮೇಲೆ ಜೊತೆಗಾರರೊಂದಿಗೆ ಮುಂದಿನ ಊರಿನವರೆಗೆ, ಬಳಿಕ ಒಬ್ಬರೇ ಹುಣಸೂರಿಗೆ, ಕೊನೆಗೆ ಮೈಸೂರಿಗೆ ಹೀಗೆ ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಎದೆಬಡಿತ ಬಂದರೂ ಅಲ್ಲಿಯೇ ಇದ್ದರೆ ಅದು ತಾನಾಗಿಯೇ ಇಳಿಯುವುದನ್ನು ದೇಹವೇ ಕಲಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಭಯವೂ ಕಾಯಿಲೆಯಲ್ಲ. ಕೋಟೆಯ ಕಾಡಂಚಿನಲ್ಲಿ ಚಿರತೆ ಓಡಾಡುತ್ತಿರುವಾಗ ಕತ್ತಲಲ್ಲಿ ಕೊಟ್ಟಿಗೆಗೆ ಹೋಗಲು ಹೆದರುವುದು ವಿವೇಕ. ಅದಕ್ಕೆ ಬೇಕಾದದ್ದು ಭದ್ರವಾದ ಬಾಗಿಲು, ದೀಪ ಮತ್ತು ಅರಣ್ಯ ಇಲಾಖೆಗೆ ಮಾಹಿತಿ.

ಸಾಲ ಸುಳ್ಳಲ್ಲವಲ್ಲ?

"ಸಾಲ ನಿಜವಾಗಿಯೇ ಇದೆ, ಮಾತಾಡಿದರೆ ತೀರುತ್ತದೆಯೇ?" ಎಂದು ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಚಿಕಿತ್ಸೆ ಸಾಲವನ್ನು ತೀರಿಸುವುದಿಲ್ಲ, ಸೊಪ್ಪಿನ ದರ ಏರಿಸುವುದಿಲ್ಲ. ಆ ಕೆಲಸ ಸರ್ಕಾರದ್ದು, ಮಂಡಳಿಗಳದ್ದು, ಸಹಕಾರ ಸಂಸ್ಥೆಗಳದ್ದು. ಆದರೆ "ಸಾಲವಿದೆ" ಎಂಬುದು ಸಂಗತಿ, "ಸಾಲವಿದೆ, ಆದ್ದರಿಂದ ನಾನು ಬದುಕಿರಬಾರದು" ಎಂಬುದು ಆಲೋಚನೆ. ಇವೆರಡನ್ನೂ ಬೇರ್ಪಡಿಸುವುದೇ ಚಿಕಿತ್ಸೆಯ ಕೆಲಸ.

ಸಂಗತಿಯನ್ನು ಸಂಗತಿಯಾಗಿಯೇ ಎದುರಿಸಬೇಕು. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವುದು ಮೊದಲು ಎಂದು ಕಾಗದದ ಮೇಲೆ ಬರೆಯುವುದು, ಮನೆಯವರಿಂದ ಮುಚ್ಚಿಡದಿರುವುದು, ಬ್ಯಾಂಕು ಅಥವಾ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಕಂತು ಮುಂದೂಡಲು ಅವಕಾಶವಿದೆಯೇ ಎಂದು ಕೇಳುವುದು, ರಾಸುಗಳ ವಿಮೆ ಕಟ್ಟುವುದು, ಈ ವಾರ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳುವುದು. ಸೋತ ಮನಸ್ಸಿಗೆ ಅರ್ಜಿ ಬರೆಯಲೂ ಕೈ ಏಳುವುದಿಲ್ಲ. ಚೇತರಿಸಿದ ಮನಸ್ಸು ಬ್ಯಾಂಕಿನ ಮೆಟ್ಟಿಲು ಹತ್ತುತ್ತದೆ.

ಇದರಿಂದ ಗುಣವಾಗುತ್ತದೆಯೇ?

ಪೇಟೆಯ ಓದಿದವರಿಗೆ ಮಾತ್ರ ಇದು ಸರಿ ಎಂಬ ಭಾವನೆ ಬೇಡ. ನೆರೆಯ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೆ ಈ ವಿಧಾನವನ್ನು ಕಲಿಸಿ, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಕಳುಹಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾದ ಆರು ತಿಂಗಳ ನಂತರ ಈ ಸಹಾಯ ಪಡೆದ ತಾಯಂದಿರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಕಾರ್ಯಕರ್ತೆಯರು ಮನೆಗೆ ಬಂದರೂ ಈ ವಿಧಾನದ ಸಹಾಯ ದೊರೆಯದವರಲ್ಲಿ ನೂರಕ್ಕೆ 53 ಮಂದಿಗೆ ಉಳಿದಿತ್ತು.

ನಮ್ಮ ಪಕ್ಕದ ಗೋವಾ ರಾಜ್ಯದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ, ಖಿನ್ನತೆಯಿದ್ದ 495 ಜನರ ಮೇಲೆ ಇಂಥದೇ ಪ್ರಯೋಗ ನಡೆಯಿತು. ಮೇಲೆ ಹೇಳಿದ "ಕೈ ಹಚ್ಚುವ" ಅಭ್ಯಾಸವನ್ನು ಮಾನಸಿಕ ಆರೋಗ್ಯದ ಓದಿಲ್ಲದ ಸ್ಥಳೀಯರೇ ತರಬೇತಿ ಪಡೆದು, ಆರರಿಂದ ಎಂಟು ಭೇಟಿಗಳಲ್ಲಿ ಕಲಿಸಿಕೊಟ್ಟರು. ಮೂರು ತಿಂಗಳಲ್ಲಿ ಆ ಗುಂಪಿನ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದರು. ಈ ಅಭ್ಯಾಸವಿಲ್ಲದ ಗುಂಪಿನಲ್ಲಿ ಹೊರಬಂದವರು ನೂರಕ್ಕೆ 39. ಅಂದರೆ ಈ ಚಿಕಿತ್ಸೆ ಪಡೆದರೂ ಮೂರನೆಯ ಒಂದು ಪಾಲು ಜನರಿಗೆ ಅಷ್ಟರಲ್ಲಿ ಗುಣವಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅಂಥವರಿಗೆ ಬೇರೆ ಚಿಕಿತ್ಸೆ ಅಥವಾ ಮಾತ್ರೆ ಬೇಕಾಗುತ್ತದೆ.

ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಭೇಟಿ ಇರುತ್ತದೆ. ಭೇಟಿಗಿಂತ ಮನೆಯಲ್ಲಿ ಮಾಡುವ ಅಭ್ಯಾಸವೇ ಮುಖ್ಯ. ಹಗುರ ಮತ್ತು ಮಧ್ಯಮ ಖಿನ್ನತೆಯಲ್ಲಿ ಇದು ಮಾತ್ರೆಯಷ್ಟೇ ಕೆಲಸ ಮಾಡಬಲ್ಲದು. ಕಲಿತ ವಿದ್ಯೆ ಕೈಯಲ್ಲಿ ಉಳಿಯುವುದರಿಂದ ಕಾಯಿಲೆ ಮರುಕಳಿಸುವುದೂ ಕಡಿಮೆ. ತೀವ್ರ ಖಿನ್ನತೆಗೆ ಮಾತ್ರೆಯೂ ಬೇಕು. ಇಲ್ಲದ ದನಿ ಕೇಳಿಸುವುದು, ವಿಪರೀತ ಸಂಶಯ ಇರುವ ಕಾಯಿಲೆಗಳಿಗೆ ಔಷಧವೇ ಮುಖ್ಯ. ಈಗ ಮಾತ್ರೆ ನುಂಗುತ್ತಿರುವವರು ಈ ಲೇಖನ ಓದಿ ನಿಲ್ಲಿಸಕೂಡದು.

ಪ್ರಾಣಾಪಾಯದ ಸೂಚನೆ ಕಂಡರೆ

"ನಾನಿಲ್ಲದಿದ್ದರೆ ನೀವೆಲ್ಲ ಚೆನ್ನಾಗಿರುತ್ತೀರಿ" ಎನ್ನುವುದು, ಲೆಕ್ಕಪತ್ರಗಳನ್ನು ಇದ್ದಕ್ಕಿದ್ದಂತೆ ಒಪ್ಪಿಸುವುದು, ಪ್ರೀತಿಯ ರಾಸುವನ್ನು ಕಾರಣವಿಲ್ಲದೆ ಕೊಟ್ಟುಬಿಡುವುದು ಇಂಥವನ್ನು ಹಗುರವಾಗಿ ಕಾಣಬಾರದು. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅಂಥವರನ್ನು ಒಬ್ಬರೇ ಬಿಡಬೇಡಿ. ಕ್ರಿಮಿನಾಶಕ, ಕಳೆನಾಶಕಗಳನ್ನು ಮನೆಯಿಂದ ಹೊರಗೆ ಬೀಗ ಹಾಕಿ ಇಡಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಆ ಒಂದು ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಯಾರಾದರೂ ವಿಷ ಕುಡಿದಿದ್ದರೆ ಬಲವಂತವಾಗಿ ವಾಂತಿ ಮಾಡಿಸದೆ 108ಕ್ಕೆ ಕರೆಮಾಡಿ. ವಿಷದ ಡಬ್ಬವನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ.

ಪೊಲೀಸ್ ಕೇಸಿನ ಭಯದಿಂದ ಮುಚ್ಚಿಡುವ ಅಗತ್ಯವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು ಹೇಳುತ್ತದೆ.

ಎಲ್ಲಿ ಕೇಳಬೇಕು?

ಹಳ್ಳಿಯ ಜನರ ಬಳಿಗೆ ಮನೋಚಿಕಿತ್ಸೆಯನ್ನು ತಲುಪಿಸುವ ಕೆಲಸದಲ್ಲಿ ನಮ್ಮ ರಾಜ್ಯ ಮೊದಲಿನಿಂದಲೂ ಮುಂದಿದೆ. ನಿಮ್ಹಾನ್ಸ್ 1970ರ ದಶಕದಲ್ಲಿಯೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಈ ಪ್ರಯತ್ನ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕಾರ್ಯವೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

* ಟೆಲಿ ಮಾನಸ್: 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸೇವೆ ಇದು.

* ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಆಶಾ ಕಾರ್ಯಕರ್ತೆಯರೂ ತಿಳಿಸಬಲ್ಲರು.

* ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಲ್ಲ ಬಗೆಯ ಚಿಕಿತ್ಸೆ ಲಭ್ಯವಿದೆ.

ಮನೋವೈದ್ಯರು ಔಷಧ ಕೊಡುವವರು. ಇಲ್ಲಿ ವಿವರಿಸಿದ ಚಿಕಿತ್ಸೆಯನ್ನು ಹೆಚ್ಚಾಗಿ ಕ್ಲಿನಿಕಲ್ ಮನೋವಿಜ್ಞಾನಿಗಳು ಮತ್ತು ತರಬೇತಿ ಪಡೆದ ಆಪ್ತ ಸಲಹೆಗಾರರು ಮಾಡುತ್ತಾರೆ. ಆದ್ದರಿಂದ "ಸಿ.ಬಿ.ಟಿ. ಸಿಗುತ್ತದೆಯೇ?" ಎಂದು ಕೇಳಿ ತಿಳಿಯಿರಿ.

ಸಂಘದ ಪಾತ್ರ

ಹಾಲಿನ ಡೇರಿಯಷ್ಟು ತಪ್ಪದೆ, ದಿನಕ್ಕೆರಡು ಹೊತ್ತು ಜನ ಸೇರುವ ಜಾಗ ಊರಿನಲ್ಲಿ ಇನ್ನೊಂದಿಲ್ಲ. ಯಾರ ಹಾಲು ಇಳಿಯಿತು, ಯಾರು ನಾಲ್ಕು ದಿನದಿಂದ ಬಂದಿಲ್ಲ, ಯಾರ ಬದಲು ಮಕ್ಕಳು ಬರುತ್ತಿದ್ದಾರೆ ಎಂಬುದು ಕಾರ್ಯದರ್ಶಿಗಳಿಗೆ, ಹಾಲು ಪರೀಕ್ಷಕರಿಗೆ, ಸಾಲಿನಲ್ಲಿ ನಿಲ್ಲುವ ನಮಗೆಲ್ಲ ಮೊದಲು ತಿಳಿಯುತ್ತದೆ. ಸದಸ್ಯರ ಹಾಲು ನಿಂತರೆ ಹಸುವಿಗೇನಾಯಿತು ಎಂದು ಕೇಳುವುದು ವಾಡಿಕೆ. ಯಜಮಾನರು ಹೇಗಿದ್ದಾರೆ ಎಂದೂ ಕೇಳೋಣ. ಬುದ್ಧಿ ಹೇಳುವ ಅವಸರ ಬೇಡ, ಹತ್ತು ನಿಮಿಷ ಕುಳಿತು ಅವರ ಮಾತು ಕೇಳಿದರೆ ಸಾಕು. ಕೇಳಿದ್ದನ್ನು ಊರೆಲ್ಲ ಹರಡದಿರುವುದು, ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗುವುದು, ಆ ಹೊತ್ತಿನ ಹಾಲು ಕರೆದುಕೊಡುವುದು ಇವೂ ಸಹಕಾರವೇ.

ಸದಸ್ಯ ಬಾಂಧವರು ಇಂದು ಸಂಜೆ ಹಾಲು ಹಾಕಲು ಹೋದಾಗ, ಕೆಲವು ದಿನಗಳಿಂದ ಕಾಣದ ಒಬ್ಬರನ್ನು ನೆನಪು ಮಾಡಿಕೊಂಡು ಅವರ ಮನೆಯವರೆಗೆ ಹೋಗಿ ಬರಬೇಕಾಗಿ ಕೋರಿಕೆ.